ಬೇರೆಯವರ ಹೆಸರು, ನಮ್ಮ ಮಾಲು: ರಫ್ತಿಗೆ ಮುನ್ನ ಪ್ಯಾಕಿಂಗ್ ತಪಾಸಣೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಸಾಲೆ ಪುಡಿ, ಕಾಫಿ, ಜಾಡಿಯಲ್ಲಿ ತುಂಬಿದ ಮಿಡಿಸೌತೆ ಇವನ್ನು ವಿದೇಶಿ ಖರೀದಿದಾರರ ಬ್ರ್ಯಾಂಡ್ ಹೆಸರಿನಲ್ಲಿ ತಯಾರಿಸಿ ಕಳಿಸುವ ಸಣ್ಣ, ಮಧ್ಯಮ ಘಟಕಗಳವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಳಗಿನ ಮಾಲಿನ ಗುಣಮಟ್ಟ, ಕೀಟನಾಶಕದ ಪರೀಕ್ಷೆ ಇಲ್ಲಿಯ ವಿಷಯವಲ್ಲ. ಮಾಲು ಚೆನ್ನಾಗಿದ್ದೂ ಹೊದಿಕೆಯಿಂದಾಗಿ ತಿರಸ್ಕಾರವಾಗುವುದನ್ನು ತಡೆಯುವುದಷ್ಟೇ ಗುರಿ.

## ಶುರುವಿನ ಪ್ರಶ್ನೆಗಳು

ಬ್ರ್ಯಾಂಡ್ ಅವರದ್ದು, ಡಿಸೈನ್ ಅವರದ್ದು. ಲೇಬಲ್ ತಪ್ಪಾದರೆ ನಮಗೇನು ನಷ್ಟ?

ನಷ್ಟ ಮೊದಲು ಬರುವುದೇ ನಿಮ್ಮ ತಲೆಗೆ. ಆರ್ಟ್‌ವರ್ಕ್‌ನಲ್ಲಿದ್ದ (ಅಚ್ಚಿಗೆ ಕೊಡುವ ಅಂತಿಮ ವಿನ್ಯಾಸದಲ್ಲಿದ್ದ) ತಪ್ಪು ಖರೀದಿದಾರರದ್ದಾದರೂ, ಅಚ್ಚಿನಲ್ಲಿ, ಸೀಲಿನಲ್ಲಿ, ತಾರೀಕಿನಲ್ಲಿ ಆದದ್ದೆಲ್ಲ ನಿಮ್ಮದೇ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ತಿರಸ್ಕಾರವಾದ ಮಾಲನ್ನು ಬೇರೆಲ್ಲೂ ಮಾರುವಂತಿಲ್ಲ. ಪೊಟ್ಟಣದ ಮೇಲಿರುವುದು ಇನ್ನೊಬ್ಬರ ಹೆಸರು, ಅವರ ಅನುಮತಿ ಬೇಕು. ರಫ್ತಿಗೆಂದು ಕಟ್ಟಿದ ಪೊಟ್ಟಣವನ್ನು ನಮ್ಮ ದೇಶದಲ್ಲೇ ಮಾರಬೇಕಾದರೆ ಕಾನೂನು ಮಾಪನಶಾಸ್ತ್ರದ ಪ್ಯಾಕೇಜ್ ನಿಯಮಗಳ ಪ್ರಕಾರ ಮರುಪ್ಯಾಕ್ ಅಥವಾ ಮರುಲೇಬಲ್ ಮಾಡಲೇಬೇಕು. ನಿಮ್ಮದೇ ಬ್ರ್ಯಾಂಡ್ ಆಗಿದ್ದರೆ ರಿಯಾಯಿತಿ ಕೊಟ್ಟಾದರೂ ಖಾಲಿ ಮಾಡಬಹುದಿತ್ತು. ಇಲ್ಲಿ ಆ ಬಾಗಿಲೂ ಮುಚ್ಚಿರುತ್ತದೆ.

ಎಲ್ಲಾ ಪ್ಯಾಕ್ ಆದಮೇಲೆ ಒಂದೇ ಸಲ ನೋಡಿದರೆ ಸಾಲದಾ?

ಸಾಲದು. ಕೊನೆಯ ತಪಾಸಣೆ ತಪ್ಪನ್ನು ತೋರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಅಷ್ಟು ಹೊತ್ತಿಗೆ ಹತ್ತು ಸಾವಿರ ಪೌಚು ತುಂಬಿ ಟೇಪು ಹಚ್ಚಿ ಆಗಿರುತ್ತದೆ. ನೋಡಬೇಕಾದ ಹೊತ್ತು ಐದು. ಆರ್ಟ್‌ವರ್ಕ್ ಅಚ್ಚಿಗೆ ಹೋಗುವ ಮುನ್ನ. ಅಚ್ಚಾದ ಫಿಲ್ಮ್ ರೋಲು, ಲೇಬಲ್, ಕಾರ್ಟನ್ ಗೋದಾಮಿಗೆ ಬಂದಾಗ. ಪ್ರತಿ ಶಿಫ್ಟಿನ ಮೊದಲ ಪೊಟ್ಟಣ ಮೆಷಿನ್‌ನಿಂದ ಬಿದ್ದಾಗ. ಪೂರ್ತಿ ತಯಾರಾಗಿ, ಕನಿಷ್ಠ ಶೇ 80ರಷ್ಟು ಕಾರ್ಟನ್ ಕಟ್ಟಿದ ಮೇಲೆ. ಕೊನೆಗೆ ಕಂಟೇನರ್‌ಗೆ ಏರಿಸುವಾಗ.

ಇವುಗಳಲ್ಲಿ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅತ್ಯಂತ ಅಗ್ಗದ್ದೂ ಅದೇ. ರೋಲು ಬದಲಿಸಿದಾಗ, ತಾರೀಕಿನ ಪ್ರಿಂಟರ್ ಮತ್ತೆ ಚಾಲೂ ಮಾಡಿದಾಗ, ಊಟದ ವಿರಾಮ ಮುಗಿದಾಗ ಹೀಗೆ ಪ್ರತಿ ಸಲವೂ ಮೊದಲ ಮೂರು ಪೊಟ್ಟಣ ತೆಗೆದು, ಒಪ್ಪಿಗೆಯಾದ ಮಾದರಿಯ ಪಕ್ಕದಲ್ಲಿಟ್ಟು, ಸಹಿ ಹಾಕಿ, ಸಮಯ ಬರೆದಿಡಿ. ಎರಡು ನಿಮಿಷದ ಕೆಲಸ.

ಬೈಯರ್ ವಾಟ್ಸ್ಯಾಪ್‌ನಲ್ಲಿ "ಓಕೆ" ಅಂದಿದ್ದಾರೆ. ಅದೇ ಒಪ್ಪಿಗೆ ಅಲ್ವಾ?

ಯಾವುದಕ್ಕೆ ಓಕೆ ಎಂಬುದು ಅಲ್ಲಿ ಇರುವುದಿಲ್ಲ. ಆರ್ಟ್‌ವರ್ಕ್ ಪಿಡಿಎಫ್‌ಗೆ ಆವೃತ್ತಿ ಸಂಖ್ಯೆ, ತಾರೀಕು ಇರಲಿ. ಒಪ್ಪಿಗೆಯನ್ನು ಆ ಸಂಖ್ಯೆ ಹೆಸರಿಸಿಯೇ ಇಮೇಲ್‌ನಲ್ಲಿ ಪಡೆಯಿರಿ. ಅಚ್ಚಾದ ಮೇಲೆ ನಿಜವಾದ ಪೊಟ್ಟಣ ಮೂರು ತಯಾರಿಸಿ: ಒಂದು ಖರೀದಿದಾರರಿಗೆ, ಒಂದು ಲೈನಿಗೆ, ಒಂದು ಬೀಗ ಹಾಕಿದ ಕಪಾಟಿಗೆ. ಮೂರಕ್ಕೂ ಇಬ್ಬರ ಸಹಿ. ಲೈನಿನ ಮಾದರಿ ಬೆಳಕಿಗೆ ಬಿಳುಚಿಕೊಳ್ಳುತ್ತದೆ, ಎಣ್ಣೆ ಕೈ ತಾಗುತ್ತದೆ. ವಿವಾದ ಬಂದಾಗ ಕಪಾಟಿನದ್ದೇ ಸಾಕ್ಷಿ.

ಎಷ್ಟು ಪೊಟ್ಟಣ ತೆಗೆದು ನೋಡಬೇಕು? ನಾವು ಶೇ 10 ನೋಡ್ತೀವಿ.

ಶೇ 10 ಎಂಬ ಲೆಕ್ಕಕ್ಕೆ ಬುಡವಿಲ್ಲ. 200 ಪೊಟ್ಟಣದ ಲಾಟಿನಲ್ಲಿ ಅದು 20, ತೀರಾ ಕಡಿಮೆ. 10,000ದ ಲಾಟಿನಲ್ಲಿ 1,000, ಅನಗತ್ಯ ಶ್ರಮ. ಖರೀದಿದಾರರು ಕಳಿಸುವ ಹೊರಗಿನ ತಪಾಸಣಾ ಸಂಸ್ಥೆಗಳು ಬಳಸುವುದು ಮಾದರಿ ಎಷ್ಟು ತೆಗೆಯಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2859-1ರ ಕೋಷ್ಟಕ. ನಮ್ಮಲ್ಲಿ ಅದರ ಜೋಡಿ ಐಎಸ್ 2500. ನೀವೂ ಅದನ್ನೇ ಬಳಸಿ, ಆಗ ಇಬ್ಬರ ಲೆಕ್ಕವೂ ಒಂದೇ ಆಗುತ್ತದೆ.

500 ಕಾರ್ಟನ್, ಒಂದರಲ್ಲಿ 20 ಪೌಚ್ ಎಂದಿಟ್ಟುಕೊಳ್ಳಿ. ಒಟ್ಟು 10,000. ಕೋಷ್ಟಕದ ಸಾಮಾನ್ಯ ತಪಾಸಣಾ ಮಟ್ಟ 2ರಲ್ಲಿ 3,201ರಿಂದ 10,000ದವರೆಗಿನ ಲಾಟಿಗೆ ಮಾದರಿ 200. ದೊಡ್ಡ ದೋಷಕ್ಕೆ ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಟ್ಟ) 2.5 ಎಂದು ಒಪ್ಪಂದವಾಗಿದ್ದರೆ 10 ದೋಷದವರೆಗೆ ಪಾಸು, 11ಕ್ಕೆ ಫೇಲು. ಸಣ್ಣ ದೋಷಕ್ಕೆ 4.0 ಆಗಿದ್ದರೆ 14ರವರೆಗೆ ಪಾಸು, 15ಕ್ಕೆ ಫೇಲು. ಅಪಾಯಕಾರಿ ದೋಷ (ಗಾಜಿನ ಚೂರು, ಅಲರ್ಜಿ ಪದಾರ್ಥ ಬಿಟ್ಟುಹೋದ ಲೇಬಲ್, ತಪ್ಪು ಮಾಲು) ಒಂದೇ ಒಂದು ಸಿಕ್ಕರೂ ಲಾಟು ನಿಲ್ಲಬೇಕು.

ಆ 200 ಪೌಚನ್ನು ಎಷ್ಟು ಕಾರ್ಟನ್‌ನಿಂದ ತೆಗೆಯಬೇಕು? ಕಾರ್ಟನ್ ಸಂಖ್ಯೆಯ ವರ್ಗಮೂಲ ತೆಗೆದುಕೊಳ್ಳುವುದು ರೂಢಿ: 500ಕ್ಕೆ 23. ಕಾರ್ಟನ್ ಸಂಖ್ಯೆಯನ್ನು ನೀವೇ ಆರಿಸಿ. ಗೋದಾಮಿನ ಹುಡುಗರಿಗೆ "23 ಇಳಿಸ್ರಪ್ಪಾ" ಎಂದರೆ ಅವರು ಕೈಗೆಟುಕುವ ಮೇಲಿನ ಸಾಲಿನವನ್ನೇ ಇಳಿಸುತ್ತಾರೆ, ಅದು ಕೊನೆಯ ದಿನದ ಉತ್ಪಾದನೆ ಮಾತ್ರ.

## ಲೇಬಲ್ ಮತ್ತು ಅಚ್ಚು

ಅಮೆರಿಕ, ಯುರೋಪ್, ಗಲ್ಫ್ ಮೂರಕ್ಕೂ ಒಂದೇ ಲೇಬಲ್ ನಡೆಯುತ್ತಾ?

ನಡೆಯುವುದಿಲ್ಲ. ಹಾಗೆ ಮಾಡಲು ಹೋದರೆ ಮೂರೂ ಕಡೆ ಅರೆಬರೆ ಆಗುತ್ತದೆ.

ಅಮೆರಿಕಕ್ಕೆ: ನಿವ್ವಳ ತೂಕ ಔನ್ಸ್ ಮತ್ತು ಗ್ರಾಂ ಎರಡರಲ್ಲೂ, ಮುಂಭಾಗದ ಕೆಳಗಿನ ಶೇ 30ರೊಳಗೆ, ಪೊಟ್ಟಣ ನಿಲ್ಲುವ ಬುಡಕ್ಕೆ ಸಮಾನಾಂತರವಾಗಿ ಬರಬೇಕು. ಅಕ್ಷರದ ಎತ್ತರ ಮುಂಭಾಗದ ವಿಸ್ತೀರ್ಣದ ಮೇಲೆ ನಿಂತಿದೆ. 4 ಇಂಚು ಅಗಲ, 6 ಇಂಚು ಎತ್ತರದ ಪೌಚ್ 24 ಚದರ ಇಂಚು; 5ರಿಂದ 25 ಚದರ ಇಂಚಿನವರೆಗೆ ಕನಿಷ್ಠ ಒಂದು ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3.2 ಮಿ.ಮೀ. ತಯಾರಿಸಿದವರು ಬೇರೆ, ಹೆಸರು ಬೇರೆಯವರದ್ದು ಎಂದಾಗ ಆ ಹೆಸರಿನ ಮುಂದೆ "ಮ್ಯಾನುಫ್ಯಾಕ್ಚರ್ಡ್ ಫಾರ್" ಅಥವಾ "ಡಿಸ್ಟ್ರಿಬ್ಯೂಟೆಡ್ ಬೈ" ಎಂದಿರಬೇಕು. ಖಾಸಗಿ ಲೇಬಲ್‌ನಲ್ಲಿ (ಹೀಗೆ ಬೇರೆಯವರ ಹೆಸರಿನಲ್ಲಿ ತಯಾರಿಸುವಾಗ) ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ: ಅಮೆರಿಕದ ವಿಳಾಸವಷ್ಟೇ ಕಂಡು ಗ್ರಾಹಕ ಮಾಲು ಅಲ್ಲಿನದೇ ಎಂದುಕೊಳ್ಳಬಾರದೆಂದು, ಆ ವಿಳಾಸದ ಹತ್ತಿರವೇ, ಹೆಚ್ಚುಕಡಿಮೆ ಅದೇ ಗಾತ್ರದ ಅಕ್ಷರದಲ್ಲಿ "ಪ್ರಾಡಕ್ಟ್ ಆಫ್ ಇಂಡಿಯಾ" ಬೇಕು. ಹಿಂಬದಿಯ ಮೂಲೆಯಲ್ಲಿ ಸಣ್ಣಗೆ ಇದ್ದರೆ ಅಲ್ಲಿನ ಕಸ್ಟಮ್ಸ್ ತಕರಾರು ತೆಗೆಯಬಹುದು.

ಯುರೋಪಿಗೆ: ಆಹಾರ ಲೇಬಲ್ ಕುರಿತ 1169/2011 ನಿಯಮದ ಪ್ರಕಾರ ಕಡ್ಡಾಯ ವಿವರಗಳ ಸಣ್ಣ 'ಎಕ್ಸ್' ಅಕ್ಷರದ ಎತ್ತರ ಕನಿಷ್ಠ 1.2 ಮಿ.ಮೀ.; ಪೊಟ್ಟಣದ ಅತಿ ದೊಡ್ಡ ಮೈ 80 ಚದರ ಸೆಂ.ಮೀ.ಗಿಂತ ಚಿಕ್ಕದಿದ್ದರೆ 0.9 ಮಿ.ಮೀ. ಭಾಷೆ ಮಾರುವ ದೇಶದ್ದು. ಯುರೋಪಿನೊಳಗಿನ ಮಾರಾಟಗಾರ ಅಥವಾ ಆಮದುದಾರರ ವಿಳಾಸ ಇರಲೇಬೇಕು. ಪೋಷಕಾಂಶ ಕೋಷ್ಟಕ 100 ಗ್ರಾಂ ಲೆಕ್ಕದಲ್ಲಿ, ಶಕ್ತಿ ಕಿಲೋಜೂಲ್ ಮತ್ತು ಕಿಲೋಕ್ಯಾಲರಿ ಎರಡರಲ್ಲಿ, 'ಸೋಡಿಯಂ' ಅಲ್ಲ 'ಸಾಲ್ಟ್'. ಬರೀ ಮಸಾಲೆ ಪದಾರ್ಥಕ್ಕೂ ಬರೀ ಕಾಫಿಗೂ ಈ ಕೋಷ್ಟಕದಿಂದ ವಿನಾಯಿತಿ ಇದೆ, ಮಿಡಿಸೌತೆಗೆ ಇಲ್ಲ. ಬ್ರಿಟನ್ ಈಗ ಬೇರೆ ಲೆಕ್ಕ: 2024ರ ಜನವರಿಯಿಂದ ಅಲ್ಲಿಗೆ ಅಲ್ಲಿನದೇ ವಿಳಾಸ ಬೇಕು, ಯುರೋಪಿನ ವಿಳಾಸ ಸಾಲದು.

ಗಲ್ಫ್‌ಗೆ: ಅರೇಬಿಕ್ ಕಡ್ಡಾಯ, ತಯಾರಿಕೆ ಮತ್ತು ಮುಗಿಯುವ ತಾರೀಕು ಎರಡೂ ಬೇಕು. ಅರೇಬಿಕ್ ಬಲದಿಂದ ಎಡಕ್ಕೆ ಓದುವ ಲಿಪಿ, ಅಕ್ಷರಗಳು ಕೂಡಿಕೊಂಡಿರಬೇಕು. ಕೆಲವು ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಂಟಿಸಿದ ಕೂಡಲೇ ಅಕ್ಷರ ಬಿಡಿಬಿಡಿಯಾಗಿ, ಹಿಂದುಮುಂದಾಗಿ ಕೂರುತ್ತವೆ. ಓದಲು ಬರದವರ ಕಣ್ಣಿಗೆ ಅದೂ ಅರೇಬಿಕ್‌ನಂತೆಯೇ ಕಾಣುತ್ತದೆ! ಓದಬಲ್ಲವರೊಬ್ಬರಿಗೆ ಅಂತಿಮ ಪಿಡಿಎಫ್ ತೋರಿಸದೆ ಅಚ್ಚಿಗೆ ಕೊಡಬೇಡಿ.

ಸಾಂಬಾರ್ ಪುಡಿಯಲ್ಲಿ ಅಲರ್ಜಿ ಬರೋದು ಏನಿದೆ? ಎಲ್ಲಾ ಮನೆ ಸಾಮಾನೇ.

ಇಂಗು ಇದೆ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಇಂಗು ಶುದ್ಧ ರಾಳವಲ್ಲ; ಅದಕ್ಕೆ ಹಿಟ್ಟು ಸೇರಿಸಿರುತ್ತಾರೆ, ಬಹಳ ಸಲ ಮೈದಾ. ಅಂದರೆ ಗೋಧಿ, ಅಂದರೆ ಗ್ಲುಟೆನ್. ಪದಾರ್ಥಗಳ ಪಟ್ಟಿಯಲ್ಲಿ ಬರೀ 'ಅಸಫೆಟಿಡಾ' ಎಂದು ಬರೆದರೆ ಅಲರ್ಜಿ ಮುಚ್ಚಿಟ್ಟಂತೆ. ಇಂಗು ಕೊಡುವವರಿಂದ ಅದರ ಪದಾರ್ಥಪಟ್ಟಿ ತರಿಸಿಕೊಳ್ಳಿ, ಅಕ್ಕಿ ಹಿಟ್ಟಿನ ಇಂಗು ಸಿಕ್ಕರೆ ಇನ್ನೂ ಒಳ್ಳೆಯದು.

ಸಾಸಿವೆ ಯುರೋಪಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ಅಮೆರಿಕದ 9ರಲ್ಲಿ ಇಲ್ಲ. ಎಳ್ಳು ಎರಡರಲ್ಲೂ ಇದೆ. ಅಮೆರಿಕ ಅದನ್ನು ಸೇರಿಸಿದ್ದು 2023ರ ಜನವರಿ 1ರಿಂದ, ಆದ್ದರಿಂದ ಅದಕ್ಕೂ ಹಳೆಯ ಆರ್ಟ್‌ವರ್ಕ್ ಇದ್ದರೆ ತೆಗೆದು ನೋಡಿ. ಶೇಂಗಾ ಚಟ್ನಿ ಪುಡಿ ಮಾಡುವ ಮೆಷಿನ್‌ನಲ್ಲೇ ಮೆಣಸಿನ ಪುಡಿಯನ್ನೂ ಮಾಡುತ್ತಿದ್ದರೆ ಅದನ್ನು ಖರೀದಿದಾರರಿಗೆ ಲಿಖಿತವಾಗಿ ತಿಳಿಸಬೇಕು. ಯುರೋಪಿನ ಲೇಬಲ್‌ನಲ್ಲಿ ಅಲರ್ಜಿ ಪದಾರ್ಥದ ಹೆಸರು ಪಟ್ಟಿಯೊಳಗೇ ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣಬೇಕು. ಪ್ರೂಫ್‌ನಲ್ಲಿ ದಪ್ಪವಾಗಿದ್ದದ್ದು ಅಚ್ಚಿನಲ್ಲಿ ಫಾಂಟ್ ಬದಲಾಗಿ ತೆಳ್ಳಗಾಗಿರುತ್ತದೆ. ಅಚ್ಚಾದ ಮೇಲೆ ಮತ್ತೆ ನೋಡಿ.

ತಾರೀಕನ್ನು 05/06/2026 ಅಂತ ಹೊಡೆದರೆ ಆಗುತ್ತಾ?

ನಮಗೆ ಅದು ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ಹಾಕಿಬಿಟ್ಟರೆ ಗೊಂದಲವೇ ಇಲ್ಲ. ಯುರೋಪಿನಲ್ಲಿ ಬಾಳಿಕೆ 3ರಿಂದ 18 ತಿಂಗಳಿದ್ದರೆ ತಿಂಗಳು-ವರ್ಷ ಸಾಕು, ದಿನ ಬೇಕಿಲ್ಲ. ಬ್ಯಾಚ್ ಸಂಖ್ಯೆ ತಾರೀಕಿನ ಜೊತೆ ಬೆರೆತು ಗೊಂದಲವಾಗದಂತೆ ಅದರ ಮುಂದೆ 'ಎಲ್' ಅಕ್ಷರ ಇರಲಿ.

ಅಚ್ಚು ನಿಲ್ಲುತ್ತದೆಯೇ ಎಂದು ನೋಡಲು: ಹೊಡೆದು ಒಂದು ನಿಮಿಷದ ನಂತರ ಒಣ ಬೆರಳಿನಿಂದ ಹತ್ತು ಸಲ ಉಜ್ಜಿ, ಮತ್ತೊಂದು ಪೊಟ್ಟಣದ ಮೇಲೆ ಪಾರದರ್ಶಕ ಟೇಪು ಒತ್ತಿ ಸರಕ್ಕನೆ ಕೀಳಿ, ಮೂರನೆಯದಕ್ಕೆ ಎಣ್ಣೆ ಬೆರಳು ಸವರಿ. ಮೆಣಸಿನ ಪುಡಿ ಘಟಕದಲ್ಲಿ ಫಿಲ್ಮಿನ ಮೇಲೆ ಸಣ್ಣ ಎಣ್ಣೆಪೊರೆ, ಧೂಳು ಸದಾ ಇರುವುದರಿಂದ ಶಾಯಿ ಹಿಡಿಯುವುದಿಲ್ಲ; ಶಾಯಿ ಬದಲಿಸುವ ಮೊದಲು ಪ್ರಿಂಟರ್ ಮುಂದೆ ಫಿಲ್ಮ್ ಒರೆಸುವ ವ್ಯವಸ್ಥೆ ಮಾಡಿ ನೋಡಿ.

ಬಾರ್‌ಕೋಡ್ ಮೊಬೈಲ್‌ನಲ್ಲಿ ಸ್ಕ್ಯಾನ್ ಆಗ್ತಿದೆ. ಸಾಕಲ್ವಾ?

ಮೊಬೈಲು ಫೋಟೊ ತೆಗೆದು ಸಾವಧಾನವಾಗಿ ಓದುತ್ತದೆ, ಅಂಗಡಿಯ ಸ್ಕ್ಯಾನರ್‌ಗೆ ಅಷ್ಟು ತಾಳ್ಮೆ ಇಲ್ಲ. ಹದಿಮೂರು ಅಂಕಿಯ ಇಎಎನ್ ಕೋಡಿನ ಪೂರ್ಣ ಗಾತ್ರ ಎರಡೂ ಬದಿಯ ಖಾಲಿ ಜಾಗ ಸೇರಿ 37.29 × 25.93 ಮಿ.ಮೀ. ಶೇ 80ರವರೆಗೆ ಕುಗ್ಗಿಸಬಹುದು, ಅದಕ್ಕಿಂತ ಬೇಡ. ಪೂರ್ಣ ಗಾತ್ರದಲ್ಲಿ ಎಡಕ್ಕೆ 3.63, ಬಲಕ್ಕೆ 2.31 ಮಿ.ಮೀ. ಖಾಲಿ ಜಾಗ ಬೇಕು. ಜಾಗ ಸಾಲದೆ ಡಿಸೈನರ್‌ಗಳು ಮೊದಲು ಕತ್ತರಿಸುವುದು ಇದನ್ನೇ.

ಸ್ಕ್ಯಾನರ್‌ನದ್ದು ಬಹುಮಟ್ಟಿಗೆ ಕೆಂಪು ಬೆಳಕು. ಆದ್ದರಿಂದ ಕೆಂಪು, ಕಿತ್ತಳೆ ಗೆರೆ ಅದಕ್ಕೆ ಕಾಣುವುದೇ ಇಲ್ಲ. ಮೆಣಸಿನ ಪುಡಿಯ ಕೆಂಪು ಪೌಚಿನಲ್ಲಿ ಅಂದಕ್ಕೆಂದು ಕಡುಗೆಂಪು ಗೆರೆ ಹಾಕಿದರೆ ಸ್ಕ್ಯಾನರ್‌ಗೆ ಅಲ್ಲಿ ಖಾಲಿ ಜಾಗ. ಬೆಳ್ಳಿಬಣ್ಣದ ಮೆಟಲೈಸ್ಡ್ ಫಿಲ್ಮ್‌ನಲ್ಲಿ ಗೆರೆಯ ಕೆಳಗೆ ಗಟ್ಟಿ ಬಿಳಿ ಪದರ ಬೇಕು, ಇಲ್ಲದಿದ್ದರೆ ಕನ್ನಡಿಯಂತೆ ಹೊಳೆಯುತ್ತದೆ.

ಸಂಖ್ಯೆಯನ್ನೂ ಕೈಯಲ್ಲೇ ಪರೀಕ್ಷಿಸಬಹುದು. 890123456789 ಎಂಬ ಹನ್ನೆರಡು ಅಂಕಿ ತೆಗೆದುಕೊಳ್ಳಿ. ಬೆಸಸ್ಥಾನದವನ್ನು ಕೂಡಿ: 8+0+2+4+6+8 = 28. ಸಮಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಿ: 34 × 3 = 102. ಒಟ್ಟು 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದೇ ಹದಿಮೂರನೇ ಅಂಕಿ, ಇಲ್ಲಿ 0. ಲೆಕ್ಕ ಹೊಂದಿದರೂ ಅದು ಈ ಮಾಲಿನದೇ ಸಂಖ್ಯೆಯೇ ಎಂಬುದನ್ನು ಖರೀದಿದಾರರ ಪಟ್ಟಿಯೊಂದಿಗೆ ತಾಳೆ ನೋಡಿ. 100 ಗ್ರಾಂ ಪೊಟ್ಟಣದ ಫೈಲ್ ನಕಲು ಮಾಡಿ 200 ಗ್ರಾಂದು ಮಾಡುವಾಗ ಹಳೆಯ ಕೋಡು ಹಾಗೇ ಉಳಿಯುವುದು ತೀರಾ ಸಾಮಾನ್ಯ. ದೊಡ್ಡ ಅಂಗಡಿ ಸರಪಳಿಗಳು ವೆರಿಫೈಯರ್ (ಬಾರ್‌ಕೋಡ್ ಅಚ್ಚಿನ ಗುಣಮಟ್ಟ ಅಳೆಯುವ ಯಂತ್ರ) ವರದಿ ಕೇಳುತ್ತವೆ; ಕನಿಷ್ಠ ದರ್ಜೆ 1.5, ಅಂದರೆ 'ಸಿ'.

ಈ ಸಲದ ರೋಲು ಕಳೆದ ಸಲಕ್ಕಿಂತ ಸ್ವಲ್ಪ ಗಾಢ ಬಂದಿದೆ. ಬಳಸಬಹುದಾ?

'ಸ್ವಲ್ಪ' ಎಂಬುದನ್ನು ಮೊದಲೇ ಅಳತೆಗೆ ಇಳಿಸಿರಬೇಕು. ತೆಳು, ಸರಿ, ಗಾಢ ಎಂಬ ಮೂರು ಅಚ್ಚಿನ ತುಣುಕಿಗೆ ಖರೀದಿದಾರರ ಸಹಿ ಪಡೆದರೆ ತೆಳು-ಗಾಢಗಳ ನಡುವಿನದ್ದೆಲ್ಲ ಪಾಸು. ಹೋಲಿಸುವುದು ಟ್ಯೂಬ್‌ಲೈಟ್ ಕೆಳಗಲ್ಲ. ಲೈಟ್ ಬೂತ್ (ಬಣ್ಣ ಹೋಲಿಸಲು ನಿಗದಿತ ಬೆಳಕಿರುವ ಪೆಟ್ಟಿಗೆ) ಇಲ್ಲದಿದ್ದರೆ ಬೆಳಿಗ್ಗೆ ಹತ್ತರ ನಂತರ ನೇರ ಬಿಸಿಲಿಲ್ಲದ ಕಿಟಕಿಯ ಬಳಿ. ಅದಕ್ಕಿಂತ ಮುಖ್ಯ, ಹಳೆಯ ಮತ್ತು ಹೊಸ ರೋಲನ್ನು ಒಂದೇ ಕಾರ್ಟನ್‌ನಲ್ಲಿ ಬೆರೆಸಬೇಡಿ. ಅಂಗಡಿಯ ಕಪಾಟಿನಲ್ಲಿ ಎರಡು ಬಣ್ಣ ಪಕ್ಕಪಕ್ಕ ನಿಂತರೆ ಗ್ರಾಹಕರಿಗೆ ಒಂದು ನಕಲಿಯಂತೆ ಕಾಣುತ್ತದೆ.

ತಪ್ಪಾದ ಮೇಲೆ ಸ್ಟಿಕ್ಕರ್ ಹಚ್ಚಿ ಸರಿ ಮಾಡಬಹುದಾ?

ವಿಳಾಸ, ಅನುವಾದ ಇಂಥವಕ್ಕೆ ಖರೀದಿದಾರರ ಲಿಖಿತ ಒಪ್ಪಿಗೆ ಇದ್ದರೆ ಮಾಡಬಹುದು. ತಾರೀಕಿನ ಮೇಲೆ ಎಂದಿಗೂ ಬೇಡ. ಗಲ್ಫ್‌ನಲ್ಲಂತೂ ತಾರೀಕಿನ ಸ್ಟಿಕ್ಕರ್ ಕಂಡರೆ ಮೊದಲ ಅನುಮಾನವೇ ಬಾಳಿಕೆ ತಿದ್ದಿದ್ದಾರೆಂದು.

ಅಚ್ಚಿನ ಮೊದಲೇ ಒಂದು ಉಪಾಯ ಮಾಡಿಡಿ. ಗ್ರವ್ಯೂರ್ ಅಚ್ಚಿನಲ್ಲಿ (ಕೆತ್ತಿದ ಸಿಲಿಂಡರ್‌ನಿಂದ ಫಿಲ್ಮ್ ಮೇಲೆ ಮುದ್ರಿಸುವ ವಿಧಾನ) ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ಕಾನೂನಿನ ವಿವರಗಳನ್ನೆಲ್ಲ ಕಪ್ಪು ಬಣ್ಣ ಒಂದರಲ್ಲೇ ಇಟ್ಟರೆ ನಾಳೆ ನಿಯಮ ಬದಲಾದಾಗ, ಕಾಗುಣಿತ ತಪ್ಪಿದಾಗ, ಇನ್ನೊಂದು ದೇಶದ ಭಾಷೆ ಬೇಕಾದಾಗ ಕಪ್ಪು ಸಿಲಿಂಡರ್ ಒಂದನ್ನೇ ಬದಲಿಸಿದರೆ ಸಾಕು. ಬಣ್ಣದ ಮೇಲೆ ಬಿಳಿ ಅಕ್ಷರ ಬಿಟ್ಟರೆ ಅಷ್ಟೂ ಸಿಲಿಂಡರ್ ಹೊಸದಾಗಬೇಕು.

## ಪೌಚು, ಜಾಡಿ, ತೂಕ

ಮೆಷಿನ್ ಇಲ್ಲದೆ ಪೌಚಿನ ಸೀಲ್ ಪರೀಕ್ಷೆ ಹೇಗೆ?

ಬಕೆಟ್ ನೀರು ಸಾಕು, ಶುರುವಿಗೆ. ಪೌಚನ್ನು ಮುಳುಗಿಸಿ ಎರಡೂ ಅಂಗೈಯಿಂದ ಹದವಾಗಿ ಅದುಮಿ. ಗುಳ್ಳೆ ಒಂದೇ ಜಾಗದಿಂದ ಸಾಲಾಗಿ ಬಂದರೆ ಸೋರಿಕೆ. ಮೈಗೆ ಅಂಟಿದ ಗಾಳಿಯ ಗುಳ್ಳೆ ಒಂದೆರಡು ಬಂದು ನಿಲ್ಲುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿರ್ವಾತ ಪಂಪಿನ ಪಾರದರ್ಶಕ ಡಬ್ಬಿ ದೊಡ್ಡ ಖರ್ಚಲ್ಲ. ನೀರಿನೊಳಗಿಟ್ಟು ಗಾಳಿ ಹೊರಗೆಳೆದರೆ ಕೈಗೆ ಸಿಗದ ಸಣ್ಣ ತೂತೂ ಗುಳ್ಳೆ ಬಿಡುತ್ತದೆ.

ಇನ್ನೊಂದು: ಪೌಚನ್ನು ಕತ್ತರಿಸಿ ಖಾಲಿ ಮಾಡಿ, ಒಳಗಿನಿಂದ ಸೀಲಿನ ಬುಡಕ್ಕೆ ಬಣ್ಣ ಬೆರೆಸಿದ ಸ್ಪಿರಿಟ್ ಸುರಿದು ಐದು ನಿಮಿಷ ನಿಲ್ಲಿಸಿ. ಬಣ್ಣ ಸೀಲನ್ನು ದಾಟಿ ಹೊರಬಂದರೆ ಅಲ್ಲಿ ದಾರಿ ಇದೆ ಎಂದರ್ಥ. ಮಸಾಲೆ ಪುಡಿಯಲ್ಲಿ ಹತ್ತಕ್ಕೆ ಒಂಬತ್ತು ಸಲ ಆ ದಾರಿ ಮಾಡಿಕೊಟ್ಟಿರುವುದು ಸೀಲಿನ ಮಧ್ಯೆ ಸಿಕ್ಕಿದ ಪುಡಿಯೇ. ಪುಡಿ ಬೀಳುವುದಕ್ಕೂ ಸೀಲ್ ಒತ್ತುವ ದವಡೆ ಮುಚ್ಚುವುದಕ್ಕೂ ನಡುವೆ ಸಾಕಷ್ಟು ಹೊತ್ತಿಲ್ಲ, ಹಗುರ ಧೂಳು ಇನ್ನೂ ಗಾಳಿಯಲ್ಲಿದೆ, ಫಿಲ್ಮಿನ ಸ್ಥಿರವಿದ್ಯುತ್ತು ಅದನ್ನು ಎಳೆದುಕೊಳ್ಳುತ್ತದೆ. ಆಪರೇಟರ್ ಮಾಡುವುದು ಮಾತ್ರ ಒಂದೇ ಕೆಲಸ: ಬಿಸಿ ಏರಿಸುವುದು. ಬಿಸಿ ಏರಿದರೆ ಸೀಲಿನ ಅಂಚು ಪೆಡಸಾಗಿ ಕಾರ್ಟನ್‌ನಲ್ಲಿ ಮಡಿಸಿದ ಜಾಗದಲ್ಲಿ ಬಿರಿಯುತ್ತದೆ. ವೇಗ ತಗ್ಗಿಸಿ, ಧೂಳು ಹೀರುವ ಕೊಳವೆ ಹಾಕಿ, ದವಡೆಯನ್ನು ಗಂಟೆಗೊಮ್ಮೆ ಹಿತ್ತಾಳೆ ಬ್ರಷ್ಷಿನಿಂದ ಸ್ವಚ್ಛ ಮಾಡಿಸಿ.

ಕಾಫಿ ಪೌಚ್ ಉಬ್ಬಿಕೊಂಡಿದೆ. ಸೀಲ್ ಚೆನ್ನಾಗಿದೆ ಅಂತ ಅರ್ಥವಾ?

ಸೀಲ್ ಚೆನ್ನಾಗಿದೆ, ವಾಲ್ವ್ ಕೆಟ್ಟಿದೆ. ಹುರಿದ ಬೀಜ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಅದು ಹೊರಹೋಗಲೆಂದೇ ಒಮ್ಮುಖ ವಾಲ್ವ್. ಪೌಚ್ ಅದುಮಿದಾಗ ಗಾಳಿ ಸುಯ್ಯೆಂದು ಹೊರಬರಬೇಕು, ಕೈ ಬಿಟ್ಟಾಗ ಒಳಗೆ ಬರಬಾರದು. ಪುಡಿ ಕಾಫಿಯಲ್ಲಿ ಫಿಲ್ಟರ್ ಇಲ್ಲದ ವಾಲ್ವ್ ಹಾಕಿದರೆ ಸಣ್ಣ ಪುಡಿ ಸೇರಿ ಕಟ್ಟಿಕೊಳ್ಳುತ್ತದೆ ಅಥವಾ ತೆರೆದೇ ಉಳಿಯುತ್ತದೆ, ಎರಡನೆಯದು ಇನ್ನೂ ಕೆಟ್ಟದ್ದು. ವಾಲ್ವ್ ಕೂರಿಸಿದ ಅಂಚಿನ ಸುತ್ತಲೂ ನೀರಿನಲ್ಲಿ ನೋಡಿ, ಸೋರಿಕೆ ಅಲ್ಲೇ ಹೆಚ್ಚು.

ಮಿಡಿಸೌತೆ ಜಾಡಿಗಳಲ್ಲಿ ಏನೇನು ನೋಡಬೇಕು?

ಮೊದಲು ಮುಚ್ಚಳದ ಗುಂಡಿ. ನಿರ್ವಾತ ಸರಿಯಿದ್ದರೆ ನಡುವಿನ ಗುಂಡಿ ತಗ್ಗಿರುತ್ತದೆ. ಒತ್ತಿದಾಗ ಟಿಕ್ ಎಂದರೆ ಆ ಜಾಡಿ ಹೊರಗೆ. ತುಂಬಿದ ತಕ್ಷಣ ನೋಡಿ ಬಿಡಬೇಡಿ, ಪೂರ್ತಿ ತಣಿದು ಒಂದು ದಿನ ಕಳೆದ ಮೇಲೆ ಇನ್ನೊಮ್ಮೆ ಎಲ್ಲವನ್ನೂ ನೋಡಬೇಕು. ಮಾದರಿಗೆ ತೆಗೆದ ಕೆಲವು ಜಾಡಿಗೆ ಚುಚ್ಚುವ ಗೇಜ್ ಹಾಕಿ ನಿರ್ವಾತ ಅಳೆಯಿರಿ. ಅವು ಮತ್ತೆ ಮಾರಾಟಕ್ಕಿಲ್ಲ.

ಮುಚ್ಚಳದ ಅಂಚಿನಲ್ಲಿ ಉಪ್ಪು-ವಿನೆಗರ್ ನೀರು ಉಳಿದರೆ ಸಮುದ್ರಯಾನ ಮುಗಿಯುವಷ್ಟರಲ್ಲಿ ತುಕ್ಕಿನ ಉಂಗುರ. ಜಾಡಿಯ ಮೈ ಒದ್ದೆಯಿದ್ದಾಗ ಲೇಬಲ್ ಹಚ್ಚಿದರೆ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ವಾರದೊಳಗೆ ಮೂಲೆ ಏಳುತ್ತದೆ. ಗಾಳಿ ಊದುವ ಯಂತ್ರದಿಂದ ಒಣಗಿಸಿ, ಗಾಜು ಕೋಣೆಯ ಶಾಖಕ್ಕೆ ಬಂದ ಮೇಲೆ ಹಚ್ಚಿ. ಲೈನಿನಲ್ಲಿ ಒಂದು ಜಾಡಿ ಒಡೆದರೆ ಅದರ ಹಿಂದೆ-ಮುಂದೆ ಇದ್ದ ತೆರೆದ ಜಾಡಿಗಳನ್ನೂ ತೆಗೆದುಹಾಕಿ. ಎಷ್ಟು ಎಂಬುದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿರಿ, ಆ ಹೊತ್ತಿನಲ್ಲಿ ಚರ್ಚೆ ಬೇಡ.

100 ಗ್ರಾಂ ಪೊಟ್ಟಣದಲ್ಲಿ 98 ಗ್ರಾಂ ಬಂದರೆ ಫೇಲಾ?

ಯುರೋಪಿನ 'ಇ' ಗುರುತಿನ (ಸರಾಸರಿ ತೂಕದ ನಿಯಮ ಪಾಲಿಸಿದೆ ಎನ್ನುವ ಗುರುತು) ಪೊಟ್ಟಣಕ್ಕೆ ಇಡೀ ಲಾಟಿನ ಸರಾಸರಿ 100ಕ್ಕಿಂತ ಕಡಿಮೆ ಇರಬಾರದು. ಬಿಡಿ ಪೊಟ್ಟಣದಲ್ಲಿ 100 ಗ್ರಾಂಗೆ ಒಪ್ಪುವ ಕೊರತೆ 4.5 ಗ್ರಾಂ, 95.5ಕ್ಕಿಂತ ಕಡಿಮೆಯವು ಬೆರಳೆಣಿಕೆಯಷ್ಟು ಇರಬಹುದು, 91ಕ್ಕಿಂತ ಕಡಿಮೆ ಒಂದೂ ಇರಬಾರದು. ಹಾಗಾಗಿ 98 ತಾನಾಗಿ ಫೇಲಲ್ಲ, ಸರಾಸರಿ ಕೆಡದಿದ್ದರೆ. ಖಾಲಿ ಪೌಚಿನ ತೂಕ ಕಳೆಯುವಾಗ ಒಂದನ್ನಲ್ಲ, ಹತ್ತನ್ನು ತೂಗಿ ಸರಾಸರಿ ತೆಗೆಯಿರಿ. ಜಿಪ್ ಇರುವ, ಇಲ್ಲದ ಪೌಚಿಗೆ ಬೇರೆ ಬೇರೆ.

## ಕಾರ್ಟನ್‌ನಿಂದ ಕಂಟೇನರ್‌ವರೆಗೆ

5 ಪ್ಲೈ ಕಾರ್ಟನ್ ಹಾಕಿದ್ದೀವಿ. ಆದರೂ ಕೆಳಗಿನ ಸಾಲು ಕುಸಿದಿದೆ ಅಂತಾರೆ.

ಪ್ಲೈ (ರಟ್ಟಿನ ಪದರ) ಎಷ್ಟು ಎಂಬುದು ಬಲದ ಅಳತೆಯಲ್ಲ. ಕಾರ್ಟನ್ ಮಾರುವವರು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮತ್ತು ಬರ್ಸ್ಟಿಂಗ್ ಸಾಮರ್ಥ್ಯ ಹೇಳುತ್ತಾರೆ. ಬರ್ಸ್ಟಿಂಗ್ ಎಂದರೆ ರಟ್ಟು ಒತ್ತಡಕ್ಕೆ ತೂತಾಗುವ ಲೆಕ್ಕ. ಪೆಟ್ಟಿಗೆ ಕುಸಿಯುವುದು ಮೇಲಿನ ಭಾರಕ್ಕೆ, ಅದಕ್ಕೆ ಬೇಕಾದದ್ದು ಕಂಪ್ರೆಷನ್ ಸಾಮರ್ಥ್ಯ.

ಲೆಕ್ಕ ಸರಳ. 12 ಕೆ.ಜಿ. ಕಾರ್ಟನ್, 8 ಎತ್ತರ ಪೇರಿಸಿದರೆ ಕೆಳಗಿನದರ ಮೇಲೆ 7 × 12 = 84 ಕೆ.ಜಿ. ವಾರಗಟ್ಟಲೆ ಹೊರುವುದು, ಹಡಗಿನ ಕುಲುಕಾಟ, ತೇವ ಎಲ್ಲ ಸೇರಿಸಿ ನಾಲ್ಕರಿಂದ ಐದು ಪಟ್ಟು ಹಿಡಿಯಬೇಕು: 336ರಿಂದ 420 ಕೆ.ಜಿ. ಈ ಸಂಖ್ಯೆಯನ್ನು ಆರ್ಡರ್‌ನಲ್ಲೇ ಬರೆದು, ಪರೀಕ್ಷಾ ವರದಿ ಕೇಳಿ. ಗಾಳಿಯ ತೇವ ಶೇ 90ಕ್ಕೆ ಏರಿದರೆ ರಟ್ಟಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮುಂಗಾರಿನಲ್ಲಿ ಮಂಗಳೂರಿನಿಂದ ಸಾಗಿಸುವವರು ಇದನ್ನು ಮರೆಯುವಂತಿಲ್ಲ.

ಪೇರಿಸುವ ಬಗೆಯೂ ಲೆಕ್ಕ ಕೆಡಿಸುತ್ತದೆ. ಪೆಟ್ಟಿಗೆಯ ಬಲ ಇರುವುದು ನಾಲ್ಕು ಮೂಲೆಗಳಲ್ಲಿ. ಮೂಲೆಯ ಮೇಲೆ ಮೂಲೆ ಕೂರಬೇಕು. ಇಟ್ಟಿಗೆ ಕಟ್ಟುವಂತೆ ಅಡ್ಡಡ್ಡ ಪೇರಿಸಿದರೆ ಸಾಲು ಗಟ್ಟಿ ನಿಲ್ಲುತ್ತದೆ ಎಂದು ಹಮಾಲರು ಹೇಳುವುದು ನಿಜ, ಆದರೆ ಮೇಲಿನ ಮೂಲೆ ಕೆಳಗಿನದರ ನಡುವಿನ ಟೊಳ್ಳಿನ ಮೇಲೆ ಬಂದು ಬಲ ಬಹಳ ಕುಗ್ಗುತ್ತದೆ. ಪ್ಯಾಲೆಟ್ಟಿನ ಅಂಚಿನಿಂದ ಪೆಟ್ಟಿಗೆ ಎರಡು ಬೆರಳು ಹೊರಚಾಚಿದರೂ ಆ ಬದಿಯ ಎರಡು ಮೂಲೆ ಇದ್ದೂ ಇಲ್ಲದಂತೆ. ಪೌಚು ಭಾರ ಹೊರುವುದಿಲ್ಲ, ಜಾಡಿ ಹೊರುತ್ತದೆ. ಜಾಡಿಯ ಕಾರ್ಟನ್ ಅಳತೆಯನ್ನೇ ಪೌಚಿಗೂ ಬಳಸಿದ್ದೇ ಎಷ್ಟೋ ಸಲ ಮೂಲ ಕಾರಣ.

ಡ್ರಾಪ್ ಟೆಸ್ಟ್ ನಾವೇ ಮಾಡಬಹುದಾ?

ಮಾಡಬಹುದು, ಕಾರ್ಟನ್ ಬೀಳಿಸಿ ನೋಡಲು ಗಟ್ಟಿ ಸಿಮೆಂಟ್ ನೆಲ ಬೇಕು. ಸಾಗಣೆ ಪ್ಯಾಕಿಂಗ್ ಪರೀಕ್ಷೆಯ ಇಸ್ಟಾ 1ಎ ಪದ್ಧತಿಯಲ್ಲಿ 10 ಕೆ.ಜಿ.ಗಿಂತ ಕಡಿಮೆಯ ಕಾರ್ಟನ್‌ಗೆ 76 ಸೆಂ.ಮೀ. ಎತ್ತರ, 10ರಿಂದ 19 ಕೆ.ಜಿ.ಗೆ 61, 19ರಿಂದ 28ಕ್ಕೆ 46. ಒಟ್ಟು ಹತ್ತು ಸಲ: ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆಮೇಲೆ ಆರೂ ಮುಖ. ಎಲ್ಲಕ್ಕೂ ಒಂದೇ ಪೆಟ್ಟಿಗೆ, ಪ್ರತಿ ಸಲ ಹೊಸದಲ್ಲ. ಪೆಟ್ಟಿಗೆ ಜಜ್ಜಿದರೆ ಪರವಾಗಿಲ್ಲ, ಒಳಗೆ ಸೋರಿಕೆ, ಒಡಕು ಇರಬಾರದು. ಪೂರ್ತಿ ಪರೀಕ್ಷೆಯಲ್ಲಿ ಕಂಪನದ ಭಾಗವೂ ಇದೆ, ಅದು ಲ್ಯಾಬಿನಲ್ಲೇ ಆಗಬೇಕು.

ಮರದ ಪ್ಯಾಲೆಟ್‌ಗೆ ಮುದ್ರೆ ಇದ್ದರೆ ಸಾಕಾ?

ಮರದಲ್ಲಿ ಕೀಟ ಹರಡದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15ರ ಮುದ್ರೆ ಎದುರುಬದುರು ಎರಡು ಬದಿಯಲ್ಲಿ ಕಾಣಬೇಕು. ತೆನೆಯ ಚಿಹ್ನೆ, ಭಾರತದ ಸಂಕೇತಾಕ್ಷರ, ಘಟಕದ ಸಂಖ್ಯೆ, ಬಿಸಿ ಉಪಚಾರದ 'ಎಚ್‌ಟಿ' ಎಲ್ಲ ಇರಬೇಕು. ಬಿಸಿ ಉಪಚಾರವೆಂದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ಪ್ಯಾಲೆಟ್ ಸರಿಯಿದ್ದು, ಲೋಡು ಅಲುಗದಿರಲೆಂದು ಕೊನೆಗೆ ಸಿಕ್ಕಿಸಿದ ಮುದ್ರೆಯಿಲ್ಲದ ಮರದ ತುಂಡಿನಿಂದ ಕಂಟೇನರ್ ನಿಂತುಹೋಗುತ್ತದೆ. ಆ ತುಂಡಿಗೂ ಇದೇ ನಿಯಮ. ಪ್ಲೈವುಡ್‌ಗೆ ಬೇಕಿಲ್ಲ.

ಒಣ ಮಾಲು ಹಾಕಿದ್ದೀವಿ, ತೆಗೆದಾಗ ಮೇಲಿನ ಕಾರ್ಟನ್ ಒದ್ದೆ. ಕಂಟೇನರ್ ಸೋರಿದೆಯಾ?

ಸೋರಿರಬಹುದು, ಆದರೆ ಬೆವರಿರುವ ಸಾಧ್ಯತೆಯೇ ಹೆಚ್ಚು. ಬಿಸಿ, ತೇವದ ಗಾಳಿ ಒಳಗೆ ಮುಚ್ಚಿಕೊಂಡು ಹೊರಟ ಡಬ್ಬಿ ತಣ್ಣನೆಯ ಸಮುದ್ರಕ್ಕೆ ಹೋದಾಗ ಚಾವಣಿಯ ತಗಡಿನಲ್ಲಿ ನೀರು ಕಟ್ಟಿ ತೊಟ್ಟಿಕ್ಕುತ್ತದೆ. ಆ ನೀರು ಬರುವುದು ರಟ್ಟಿನಿಂದ, ಮರದ ನೆಲದಿಂದ, ಪ್ಯಾಲೆಟ್‌ನಿಂದ, ಮಳೆಯಲ್ಲಿ ಬಾಗಿಲು ತೆರೆದಿಟ್ಟು ಲೋಡು ಮಾಡಿದ ಗಾಳಿಯಿಂದ. ಚಾವಣಿಗೂ ಮಾಲಿಗೂ ನಡುವೆ ಜಾಗ ಬಿಡಿ, ಮೇಲೆ ಕ್ರಾಫ್ಟ್ ಕಾಗದ ಹೊದಿಸಿ, ಗೋಡೆಯ ಕೊಕ್ಕೆಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ನೇತುಹಾಕಿ. ನಿಜವಾದ ಸೋರಿಕೆ ಹಿಡಿಯಲು ಖಾಲಿ ಕಂಟೇನರ್ ಒಳಗೆ ಒಬ್ಬರು ನಿಂತು ಬಾಗಿಲು ಮುಚ್ಚಿಸಿಕೊಳ್ಳಲಿ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ನೀರೂ ಬರುತ್ತದೆ. ಹಾಗೆಯೇ ಮೂಗಿಗೂ ಕೆಲಸ ಕೊಡಿ. ಹಿಂದಿನ ಸಲ ರಾಸಾಯನಿಕವೋ ಮೀನೋ ಹೊತ್ತ ಡಬ್ಬಿಯ ವಾಸನೆಯನ್ನು ಕಾಫಿ ಬೇಗ ಹೀರಿಕೊಳ್ಳುತ್ತದೆ.

## ಅನುಭವಿಗಳ ಪ್ರಶ್ನೆಗಳು

ತಪಾಸಣೆ ಫೇಲಾಯಿತು, ಕಂಟೇನರ್ ನಾಳೆ ಬರುತ್ತೆ. ಕೆಟ್ಟ 14 ಪೊಟ್ಟಣ ಬದಲಿಸಿ ಕಳಿಸಬಹುದಾ?

ಬೇಡ. 200ರಲ್ಲಿ 14 ಸಿಕ್ಕಿತೆಂದರೆ ಹತ್ತು ಸಾವಿರದಲ್ಲಿ ಸುಮಾರು 700 ಇರಬಹುದು. ಆ 14 ಯಾವ ಬ್ಯಾಚು, ಯಾವ ಹೊತ್ತು, ಯಾವ ಮೆಷಿನ್ ಎಂದು ಮೊದಲು ನೋಡಿ. ಶಿಫ್ಟ್ ದಾಖಲೆ ಬರೆದಿಟ್ಟವರಿಗೆ ಇಲ್ಲಿ ಫಲ ಸಿಗುತ್ತದೆ. ಎಲ್ಲವೂ ಒಂದೇ ಮಧ್ಯಾಹ್ನದ್ದಾದರೆ ಆ ಅವಧಿಯ ಕಾರ್ಟನ್‌ಗಳನ್ನಷ್ಟೇ ಬೇರ್ಪಡಿಸಿ ನೂರಕ್ಕೆ ನೂರು ತೆರೆದು ನೋಡಬಹುದು. ಚದುರಿಕೊಂಡಿದ್ದರೆ ಇಡೀ ಲಾಟು. ಮರುಕೆಲಸದ ನಂತರ ಹೊಸದಾಗಿ ಮಾದರಿ ತೆಗೆಸಿ, ಹಳೆಯ ಫಲಿತಾಂಶವನ್ನು ಖರೀದಿದಾರರಿಂದ ಮುಚ್ಚಿಡಬೇಡಿ. ಕಂಟೇನರ್ ಕಾಯಿಸಿದ ಬಾಡಿಗೆ ಎಷ್ಟೇ ಆದರೂ ವಿದೇಶಿ ಬಂದರಿನ ಗೋದಾಮು ಬಾಡಿಗೆ, ಅಲ್ಲಿನ ಕೂಲಿಗಿಂತ ಕಡಿಮೆಯೇ.

ಉಳಿದ ಲೇಬಲ್, ಪೌಚು ಏನು ಮಾಡೋದು?

ಲೆಕ್ಕ ಕೊಡಬೇಕು: ಬಂದದ್ದು = ಬಳಸಿದ್ದು + ಹಾಳಾದದ್ದು + ಉಳಿದದ್ದು. ಹೊಂದದಿದ್ದರೆ ಎಲ್ಲೋ ಬೇರೆ ಮಾಲಿಗೆ ಈ ಲೇಬಲ್ ಬಿದ್ದಿದೆ ಎಂದು ಅನುಮಾನಿಸಿ ಹುಡುಕಿ. ಹಾಳಾದವನ್ನು ಗುಜರಿಗೆ ಹಾಗೇ ಕೊಡಬೇಡಿ. ಕತ್ತರಿಸಿ, ಫೋಟೊ ತೆಗೆದು, ಖರೀದಿದಾರರಿಗೆ ತಿಳಿಸಿ. ಇನ್ನೊಬ್ಬರ ಹೆಸರಿನ ಖಾಲಿ ಪೌಚು ಪೇಟೆಗೆ ಹೋದರೆ ನಕಲಿ ಮಾಲಿಗೆ ನೀವೇ ಸಾಮಾನು ಒದಗಿಸಿದಂತೆ.

ಲ್ಯಾಬ್‌ನ ಮೈಗ್ರೇಷನ್ ವರದಿ ಇದೆ. ಆದರೂ ಯುರೋಪಿನವರು ಮತ್ತೆ ಕಾಗದ ಕೇಳ್ತಿದ್ದಾರೆ, ಯಾಕೆ?

ಮೈಗ್ರೇಷನ್ ಎಂದರೆ ಪ್ಯಾಕಿಂಗ್‌ನಿಂದ ಆಹಾರಕ್ಕೆ ಪದಾರ್ಥ ಇಳಿಯುವುದು. ವರದಿಯಲ್ಲಿರುವ ಫಿಲ್ಮಿನ ಪದರಗಳು, ಅವುಗಳ ದಪ್ಪ, ಶಾಯಿ, ಅಂಟು ನೀವು ಈಗ ಬಳಸುವುದರದ್ದೇ ಎಂದು ನೋಡಿ. ಫಿಲ್ಮ್ ಸರಬರಾಜುದಾರರು ಬೆಲೆ ಹೊಂದಿಸಲು ಪದರ ಬದಲಿಸಿ ಹಳೆಯ ವರದಿಯನ್ನೇ ಕೊಡುವುದುಂಟು. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥದ ಮಿತಿ ಪ್ರತಿ ಚದರ ಡೆಸಿಮೀಟರ್‌ಗೆ 10 ಮಿ.ಗ್ರಾಂ.; ಪರೀಕ್ಷೆಗೆ ಬಳಸಿದ ದ್ರವ, ಶಾಖ, ಅವಧಿ ನಿಮ್ಮ ಮಾಲಿಗೆ ಹೊಂದಬೇಕು. ಎಣ್ಣೆಯುಕ್ತ ಚಟ್ನಿ ಪುಡಿಗೆ ಬರೀ ನೀರಿನ ಪರೀಕ್ಷೆಯ ವರದಿ ಪ್ರಯೋಜನವಿಲ್ಲ.

ಇದರ ಮೇಲೆ ಯುರೋಪಿನ ಹೊಸ ಪ್ಯಾಕೇಜಿಂಗ್ ನಿಯಮ 2025/40 ಬಂದಿದೆ, ಅನ್ವಯವಾಗುವುದು 2026ರ ಆಗಸ್ಟ್ 12ರಿಂದ. ಸೀಸ, ಕ್ಯಾಡ್ಮಿಯಂ, ಪಾದರಸ, ಆರು ವೇಲೆನ್ಸಿಯ ಕ್ರೋಮಿಯಂ ನಾಲ್ಕೂ ಸೇರಿ ಕೆ.ಜಿ.ಗೆ 100 ಮಿ.ಗ್ರಾಂ. ಮೀರಬಾರದು, ಆಹಾರ ತಾಗುವ ಪ್ಯಾಕಿಂಗ್‌ನಲ್ಲಿ ಪಿಎಫ್‌ಎಎಸ್ ಗುಂಪಿನ (ಎಣ್ಣೆ, ನೀರು ತಡೆಯಲು ಬಳಸುವ ಫ್ಲೋರಿನ್‌ಯುಕ್ತ) ರಾಸಾಯನಿಕಗಳಿಗೂ ಮಿತಿ ಇದೆ. ಇಟಲಿ 2023ರ ಜನವರಿಯಿಂದಲೇ ಪ್ಯಾಕಿಂಗ್ ವಸ್ತುವಿನ ಸಂಕೇತ ಮತ್ತು ವಿಂಗಡಣೆ ಸೂಚನೆ ಕಡ್ಡಾಯ ಮಾಡಿದೆ, ಫ್ರಾನ್ಸ್‌ಗೆ ಅದರದೇ ಟ್ರಿಮನ್ ಎಂಬ ಕಸ ವಿಂಗಡಣೆ ಚಿಹ್ನೆ. ಸಿಲಿಂಡರ್ ಕೆತ್ತಿಸುವ ಮೊದಲು ಮಾರಾಟದ ದೇಶಗಳ ಪಟ್ಟಿಯನ್ನು ಖರೀದಿದಾರರಿಂದ ಬರಹದಲ್ಲಿ ಪಡೆಯಿರಿ. "ಯುರೋಪ್" ಎಂದಷ್ಟೇ ಬರೆದರೆ ಸಾಲದು, ದೇಶದ ಹೆಸರು ಕೇಳಿ.

ಲೋಡಿಂಗ್ ದಿನ ಕೊನೆಯದಾಗಿ ಏನು ತಾಳೆ ನೋಡಬೇಕು?

ಕಾರ್ಟನ್ ಮೇಲಿನ ಆರ್ಡರ್ ಸಂಖ್ಯೆ, ಮಾಲಿನ ಸಂಕೇತ, ಬ್ಯಾಚು, ಒಟ್ಟು ಮತ್ತು ನಿವ್ವಳ ತೂಕ ಪ್ಯಾಕಿಂಗ್ ಲಿಸ್ಟ್‌ನಲ್ಲಿರುವಂತೆಯೇ ಇರಬೇಕು, ಪೊಟ್ಟಣದ ಬ್ಯಾಚು ಕಾರ್ಟನ್‌ನದ್ದರ ಜೊತೆ ಕೂಡಬೇಕು. ಎಣಿಕೆಯನ್ನು ಏರಿಸುವವರೂ ಬಾಗಿಲಲ್ಲಿ ನಿಂತವರೂ ಬೇರೆಬೇರೆಯಾಗಿ ಬರೆಯಲಿ. ಕಾಲು, ಅರ್ಧ, ಪೂರ್ತಿ ತುಂಬಿದಾಗ ಒಂದೊಂದು ಫೋಟೊ. ಬಾಗಿಲು ಮುಚ್ಚಿ ಸೀಲ್ ಹಾಕಿದ ಮೇಲೆ ಸಂಖ್ಯೆ ಓದುವಂತೆ ಇನ್ನೊಂದು. ಆ ಸಂಖ್ಯೆ ಶಿಪ್ಪಿಂಗ್ ಬಿಲ್‌ನಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಪತ್ರದಲ್ಲಿ) ಇರುವುದೇ ಎಂದು ಕಸ್ಟಮ್ಸ್ ಏಜೆಂಟರಿಗೆ ಫೋಟೊ ಕಳಿಸಿ ಖಚಿತಪಡಿಸಿಕೊಂಡ ಮೇಲೆ ಲಾರಿ ಗೇಟು ದಾಟಲಿ.